ಸಹಕಾರ ಸಂಘಕ್ಕೆ ಡೇಟಾ ಮೆಚ್ಯೂರಿಟಿ ಮಾಡೆಲ್ ಮಾಡ್ಬೇಕಂತೆ, ಎಲ್ಲಿಂದ ಶುರು ಮಾಡ್ಲಿ?

ಅಡಿಕೆ_ಐಟಿ:

ಎಲ್ರಿಗೂ ನಮಸ್ಕಾರ. ಮಲೆನಾಡಿನ ಒಂದು ಪತ್ತಿನ ಸಹಕಾರ ಸಂಘದಲ್ಲಿ ಐಟಿ ನೋಡ್ಕೊಳ್ತೀನಿ. ಐಟಿ ಅಂದ್ರೆ ಪ್ರಿಂಟರ್‌ಗೆ ಟೋನರ್ ಹಾಕೋದ್ರಿಂದ ಹಿಡಿದು ಸಾಫ್ಟ್‌ವೇರ್ ವೆಂಡರ್ ಜೊತೆ ಜಗಳ ಆಡೋ ತನಕ ಎಲ್ಲಾ ನಾನೇ, ಜೊತೆಗೆ ಇಬ್ರು ಹುಡುಗ್ರು. 22 ಬ್ರಾಂಚು. ಸದಸ್ಯರು ಎಷ್ಟು ಅಂತ ಕೇಳಿದ್ರೆ ಮೂರು ಉತ್ತರ ಬರುತ್ತೆ, ಷೇರು ಲೆಡ್ಜರ್‌ದು ಒಂದು, ಕೋರ್ ಬ್ಯಾಂಕಿಂಗ್‌ದು ಒಂದು, ಮಹಾಸಭೆ ನೋಟಿಸ್ ಕಳ್ಸೋಕೆ ಇಟ್ಕೊಂಡಿರೋ ಎಕ್ಸೆಲ್‌ದು ಇನ್ನೊಂದು. ಹೋದ ಸಲ ಚುನಾವಣೆ ಟೈಮಲ್ಲಿ ಮತದಾರರ ಪಟ್ಟಿ ಮಾಡುವಾಗ ಇದೇ ದೊಡ್ಡ ರಂಪ ಆಯ್ತು, ತೀರ್ಕೊಂಡು ನಾಲ್ಕು ವರ್ಷ ಆದವರ ಹೆಸರು ಪಟ್ಟಿಲಿದೆ, ಅವರ ಷೇರು ವರ್ಗ ಮಾಡಿಸ್ಕೊಂಡ ಮಗನ ಹೆಸರು ಇಲ್ಲ.

ಈಗ ವಿಷಯ ಏನಂದ್ರೆ, ಕಳೆದ ತಿಂಗಳು ಒಬ್ಬ ಕನ್ಸಲ್ಟೆಂಟ್ ಬಂದು ಬೋರ್ಡ್ ಮುಂದೆ ಐದು ಮೆಟ್ಟಿಲಿನ ಚಿತ್ರ ತೋರ್ಸಿದ, ಸಂಸ್ಥೆ ತನ್ನ ಡೇಟಾನ ಎಷ್ಟು ಚೆನ್ನಾಗಿ ನೋಡ್ಕೊಳ್ತಿದೆ ಅಂತ ಅಳೆಯೋದು, ಅದೇ ಡೇಟಾ ಮೆಚ್ಯೂರಿಟಿ ಮಾಡೆಲ್ ಅಂತೆ. ಅಧ್ಯಕ್ಷರು "ನಾವು ಎಷ್ಟನೇ ಮೆಟ್ಟಿಲಲ್ಲಿದೀವಿ" ಅಂದ್ರು. ಅವನು ಅದನ್ನ ಹೇಳೋಕೆ ಮೂರು ತಿಂಗಳ ಅಸೆಸ್‌ಮೆಂಟ್ ಆಗ್ಬೇಕು ಅಂತ ರೇಟ್ ಹೇಳಿದ, ರೇಟ್ ಕೇಳಿ ಎಲ್ರೂ ನನ್ನ ಮುಖ ನೋಡಿದ್ರು. ಜಿಎಂ ಸಾಹೇಬ್ರು "ಇದನ್ನ ನೀನೇ ಮಾಡು, ಮುಂದಿನ ಬೋರ್ಡ್ ಮೀಟಿಂಗಿಗೆ ಬೇಕು" ಅಂದ್ಬಿಟ್ರು.

ಓದೋಕೆ ಕೂತ್ರೆ ತಲೆ ಕೆಟ್ಟೋಯ್ತು. ಡಾಮಾ, ಡಿಎಂಬಾಕ್, ಡಿಎಂಎಂ, ಡಿಕ್ಯಾಮ್, ಐಬಿಎಂದು ಬೇರೆ, ಸ್ಟ್ಯಾನ್‌ಫರ್ಡ್‌ದು ಬೇರೆ. ನಮ್ಮಂಥ ಸಣ್ಣವರಿಗೆ ಯಾವುದು ಆಗುತ್ತೆ? ಅಂಕ ಹೇಗೆ ಕೊಡೋದು? ಕ್ವೆಶ್ಚನೇರ್ ಮಾಡಿ ಬ್ರಾಂಚ್ ಮ್ಯಾನೇಜರ್‌ಗಳಿಗೆ ಗೂಗಲ್ ಫಾರ್ಮ್ ಕಳ್ಸಿದ್ರೆ ಸಾಕಾ? ಯಾರಾದ್ರೂ ಕೈಯಾರೆ ಮಾಡಿರೋರು ಇದ್ರೆ ಹೇಳಿ.

ಹಳೇ_ಆಡಿಟರು:

ಗೂಗಲ್ ಫಾರ್ಮ್ ಮಾತ್ರ ಕಳಿಸಬೇಡಪ್ಪ, ಎಲ್ಲಾ ಮ್ಯಾನೇಜರೂ ತಮಗೆ ತಾವೇ ನಾಲ್ಕು ಕೊಟ್ಕೊಳ್ತಾರೆ.

ಸ್ವಲ್ಪ ಹಳೇ ಕಥೆ ಹೇಳ್ತೀನಿ, ಯಾಕಂದ್ರೆ ಈ ಐದು ಮೆಟ್ಟಿಲು ಎಲ್ಲಿಂದ ಬಂತು ಅಂತ ಗೊತ್ತಿದ್ರೆ ಅದರ ಭಯ ಹೋಗುತ್ತೆ. 1979ರಲ್ಲಿ ಫಿಲಿಪ್ ಕ್ರಾಸ್ಬಿ ಅನ್ನೋರು ಕಾರ್ಖಾನೆಗಳ ಕ್ವಾಲಿಟಿಗೆ ಐದು ಹಂತದ ಒಂದು ಗ್ರಿಡ್ ಮಾಡಿದ್ರು. ಐಬಿಎಂನಲ್ಲಿದ್ದ ವಾಟ್ಸ್ ಹಂಫ್ರಿ ಆ ವಿಚಾರವನ್ನ ಸಾಫ್ಟ್‌ವೇರ್‌ಗೆ ತಂದ್ರು, 1986ರಲ್ಲಿ ಪಿಟ್ಸ್‌ಬರ್ಗ್‌ನ ಕಾರ್ನೆಗಿ ಮೆಲನ್‌ನ ಸಾಫ್ಟ್‌ವೇರ್ ಎಂಜಿನಿಯರಿಂಗ್ ಇನ್‌ಸ್ಟಿಟ್ಯೂಟ್ ಸೇರಿದ್ಮೇಲೆ. ಅಮೆರಿಕದ ರಕ್ಷಣಾ ಇಲಾಖೆಯವ್ರಿಗೆ ಯಾವ ಗುತ್ತಿಗೆದಾರನಿಗೆ ಕೆಲಸ ಕೊಟ್ರೆ ಹೇಳಿದ ಟೈಮಿಗೆ ಮುಗಿಸ್ತಾನೆ ಅಂತ ಅಳೆಯೋಕೆ ಒಂದು ಕೋಲು ಬೇಕಾಗಿತ್ತು, ಅಷ್ಟೇ. ಅದೇ ಸಿಎಂಎಂ, ಕೆಪಬಿಲಿಟಿ ಮೆಚ್ಯೂರಿಟಿ ಮಾಡೆಲ್. ನಮ್ಮ ಬೆಂಗಳೂರಿನ ಮೊಟೊರೋಲಾದವರು 1990ರ ದಶಕದಲ್ಲೇ ಲೆವೆಲ್ 5 ತಗೊಂಡಿದ್ರು, ಆಮೇಲೆ ಊರಿಗೂರೇ ಲೆವೆಲ್ 5. ನಾನು ಆ ಕಾಲದಲ್ಲಿ ಕ್ವಾಲಿಟಿಯಲ್ಲಿದ್ದೆ. ಕೆಲವು ಕಡೆ ಅದ್ರಿಂದ ನಿಜವಾಗ್ಲೂ ಕೆಲಸ ಸುಧಾರಿಸ್ತು, ಇನ್ನು ಕೆಲವು ಕಡೆ ಅಸೆಸರ್ ಬರೋ ಹಿಂದಿನ ವಾರ ಮೂರು ರಾತ್ರಿ ಕೂತು ಒಂದು ವರ್ಷದ ರಿವ್ಯೂ ನೋಟ್ಸ್ ಬರೆದದ್ದನ್ನ ಈ ಕಣ್ಣಲ್ಲಿ ನೋಡಿದೀನಿ, ಪೆನ್ನಿನ ಇಂಕು ಕೂಡ ಒಂದೇ.

ಡೇಟಾದವರು ಅದನ್ನೇ ತಗೊಂಡ್ರು. ಸಿಎಂಎಂನ ಮುಂದಿನ ರೂಪ ಸಿಎಂಎಂಐ, ಅದನ್ನ ನೋಡ್ಕೊಳ್ಳೋ ಸಿಎಂಎಂಐ ಇನ್‌ಸ್ಟಿಟ್ಯೂಟ್‌ನ ಡಿಎಂಎಂ (ಡೇಟಾ ಮ್ಯಾನೇಜ್‌ಮೆಂಟ್ ಮೆಚ್ಯೂರಿಟಿ ಮಾಡೆಲ್) ಬಂದಿದ್ದು 2014ರಲ್ಲಿ, ಈಗ ಅದು ಬೇರೆಯಾಗಿ ಇಲ್ಲ, ಸಿಎಂಎಂಐ ಒಳಗೇ ಸೇರಿಸಿದಾರೆ. ಡಿಕ್ಯಾಮ್ ಹುಟ್ಟಿದ್ದು ದೊಡ್ಡ ದೊಡ್ಡ ಬ್ಯಾಂಕುಗಳ ಕಡೆಯಿಂದ, ನಿನ್ನ 22 ಬ್ರಾಂಚಿಗೆ ಅದು ಆನೆ ಅಂಬಾರಿ. ಡಿಎಂಬಾಕ್ ಮೆಟ್ಟಿಲೇ ಅಲ್ಲ, ಅದು ಡಾಮಾ ಅನ್ನೋ ಡೇಟಾ ವೃತ್ತಿಪರರ ಸಂಘದ ಕೈಪಿಡಿ, 2017ರ ಎರಡನೇ ಆವೃತ್ತಿಲಿ 11 ವಿಭಾಗ ಇದೆ, ಮಧ್ಯದಲ್ಲಿ ಗವರ್ನೆನ್ಸ್ (ಯಾರು ತೀರ್ಮಾನ ಮಾಡೋದು, ಯಾರು ಜವಾಬ್ದಾರಿ ಅನ್ನೋದು) ಇಟ್ಟು ಸುತ್ತ ಚಕ್ರದ ಹಾಗೆ ಉಳಿದದ್ದು. ಯಾವ ಯಾವ ವಿಷಯ ಬಿಟ್ಟುಹೋಗಿದೆ ಅಂತ ಟ್ಯಾಲಿ ಮಾಡೋಕೆ ಚೆನ್ನಾಗಿದೆ. ಸ್ಟ್ಯಾನ್‌ಫರ್ಡ್ ಯೂನಿವರ್ಸಿಟಿಯವರು ತಮಗೇ ಅಂತ ಮಾಡ್ಕೊಂಡಿದ್ದು ನೋಡು, ಆರು ವಿಷಯ, ಒಂದೊಂದಕ್ಕೂ ಜನ, ನೀತಿ, ಸಾಮರ್ಥ್ಯ ಅಂತ ಮೂರು ಬದಿ. ನಿನ್ನ ಸೈಜಿಗೆ ಅದೇ ಹತ್ತಿರ. ಆದ್ರೆ ಅದನ್ನೂ ಹಾಗೇ ಎತ್ತಿಡಬೇಡ, ಅದು ಯೂನಿವರ್ಸಿಟಿ, ನಿಂದು ಸಾಲ ಕೊಡೋ ಸಂಘ.

ಚುಕ್ಕಿ_ರಂಗೋಲಿ:

ನಾನು ಒಂದು ಆಸ್ಪತ್ರೆ ಗುಂಪಿಗೆ ಇದನ್ನ ಮಾಡಿದೀನಿ, ಮೂರು ಊರಲ್ಲಿ ಆಸ್ಪತ್ರೆ, ಅಸೆಸ್‌ಮೆಂಟ್‌ಗೆ ಅಂತ ದುಡ್ಡು ಸೊನ್ನೆ. ಮೊದಲನೇ ಸಲ ನಾನೂ ನೆಟ್ಟಿಂದ ಒಂದು ಮಾಡೆಲ್ ಇಳಿಸ್ಕೊಂಡು 120 ಪ್ರಶ್ನೆ ಕಳ್ಸಿದ್ದೆ, ಮೆಟಾಡೇಟಾ ಸ್ಟ್ರ್ಯಾಟೆಜಿ ಇದೆಯಾ ಅಂತ ಒಂದು ಪ್ರಶ್ನೆ, ರಿಸೆಪ್ಷನ್ ಇನ್‌ಚಾರ್ಜ್ "ಹೌದು" ಅಂತ ಟಿಕ್ ಹಾಕಿದ್ರು, ಆಮೇಲೆ ಫೋನ್ ಮಾಡಿ ಕೇಳಿದ್ರು ಹಾಗಂದ್ರೇನು ಮೇಡಂ ಅಂತ. ಅವತ್ತೇ ಅದನ್ನ ಬಿಟ್ಟೆ.

ಎರಡನೇ ಸಲ ಉಲ್ಟಾ ಹೋದೆ. ಹೋದ ಒಂದು ವರ್ಷದಲ್ಲಿ ಡೇಟಾ ವಿಷಯಕ್ಕೆ ಆದ ಜಗಳಗಳನ್ನೆಲ್ಲಾ ಬರೆದೆ. ಒಂದೇ ರೋಗಿಗೆ ಎರಡು ಯುಎಚ್‌ಐಡಿ (ಆಸ್ಪತ್ರೆ ಕೊಡೋ ರೋಗಿ ನಂಬರ್), ಇನ್ಶೂರೆನ್ಸ್ ರಿಜೆಕ್ಟ್, ಔಷಧಿ ಸ್ಟಾಕು ಸಿಸ್ಟಮಲ್ಲಿ ಒಂದು ಕಪಾಟಲ್ಲಿ ಒಂದು, ಇಂಥವು. ಹದಿನೇಳು ಜಗಳ ಸಿಕ್ತು. ಅದನ್ನ ಗುಡ್ಡೆ ಹಾಕಿದ್ರೆ ತಾನಾಗೇ ಐದಾರು ವಿಷಯ ಆಯ್ತು. ನಿಮ್ಮದ್ರಲ್ಲಿ ನೀವು ಬರೆದಿರೋದ್ರಲ್ಲೇ ಮೂರು ಕಾಣ್ತಿದೆ: ಸದಸ್ಯರ ಮಾಸ್ಟರ್ (ಎಲ್ಲಾ ಸದಸ್ಯರ ಮೂಲ ಪಟ್ಟಿ), ಸತ್ತವರ ಮತ್ತು ವಾರಸುದಾರರ ಬದಲಾವಣೆ, ಒಂದೇ ಸಂಖ್ಯೆಗೆ ಮೂರು ವ್ಯಾಖ್ಯೆ. ಇದ್ರ ಜೊತೆ ಯಾರಿಗೆ ಯಾವ ಸ್ಕ್ರೀನಿಗೆ ಪರ್ಮಿಷನ್ ಇದೆ ಅನ್ನೋದು, ಹಳೇ ದಾಖಲೆ ಎಷ್ಟು ವರ್ಷ ಇಡೋದು ಅನ್ನೋದು ಸೇರಿಸಿ. ಸಾಕು.

ಆಮೇಲೆ ಒಂದೊಂದು ವಿಷಯಕ್ಕೂ ಐದು ಹಂತ ಬರೀಬೇಕು, ಇಲ್ಲೇ ಇರೋದು ಕೆಲಸ. "ಉತ್ತಮವಾಗಿ ನಿರ್ವಹಿಸಲಾಗುತ್ತಿದೆ" ಅಂಥ ಮಾತು ಒಂದೂ ಇರಬಾರದು, ಯಾವ ವಾಕ್ಯ ಓದಿದ್ರೂ "ಎಲ್ಲಿ ತೋರ್ಸಿ" ಅಂತ ಕೇಳೋ ಹಾಗಿರಬೇಕು. ಸದಸ್ಯರ ಮಾಸ್ಟರ್ ತಗೊಳ್ಳಿ. ಒಂದನೇ ಹಂತ, ಹೊಸ ಸದಸ್ಯರನ್ನ ಹೇಗೆ ಎಂಟ್ರಿ ಮಾಡ್ಬೇಕು ಅನ್ನೋದು ಕೌಂಟರಲ್ಲಿ ಕೂತಿರೋರ ತಲೆಲಿದೆ, ಅವ್ರು ರಜಾ ಹಾಕಿದ್ರೆ ಬೇರೆ ಥರ ಆಗುತ್ತೆ. ಎರಡನೇದು, ಆ ಬ್ರಾಂಚಲ್ಲಿ ಒಂದು ಪದ್ಧತಿ ಇದೆ, ಪಕ್ಕದ ಬ್ರಾಂಚಲ್ಲಿ ಇನ್ನೊಂದಿದೆ. ಮೂರನೇದು, 22 ಬ್ರಾಂಚಿಗೂ ಒಂದೇ ಸುತ್ತೋಲೆ, ಅದರಲ್ಲಿ ಹೆಸರು ಹೇಗೆ ಬರೀಬೇಕು, ಎಂಟ್ರಿಗೆ ಮುಂಚೆ ಹಳೇ ಸದಸ್ಯರಾ ಅಂತ ಹೇಗೆ ಹುಡುಕಬೇಕು ಅಂತ ಇದೆ, ಮತ್ತೆ ಅದಕ್ಕೆ ಹೆಸರು ಹೇಳಿ ಒಬ್ಬ ಜವಾಬ್ದಾರರು ಇದಾರೆ. ನಾಲ್ಕನೇದು, ತಿಂಗಳಿಗೊಮ್ಮೆ ಎಷ್ಟು ಡಬಲ್ ಎಂಟ್ರಿ (ಒಬ್ರೇ ಎರಡು ಸಲ ಸೇರಿರೋದು) ಆಯ್ತು ಅಂತ ಎಣಿಸ್ತಾರೆ, ಆ ಲೆಕ್ಕ ಜಿಎಂ ಟೇಬಲ್ ಮೇಲೆ ಹೋಗುತ್ತೆ. ಐದನೇದು, ಲೆಕ್ಕ ನೋಡಿ ಪದ್ಧತಿ ಬದಲಾಯಿಸಿದ್ದಕ್ಕೆ ದಾಖಲೆ ಇದೆ.

ಅಂಕ ಕೊಡುವಾಗ ಎರಡು ನಿಯಮ ಗಟ್ಟಿಯಾಗಿ ಇಟ್ಕೊಳ್ಳಿ. ಎರಡನೇ ಹಂತದ ಎಲ್ಲಾ ಸಾಕ್ಷಿ ಸಿಗದೆ ಮೂರಕ್ಕೆ ಹೋಗೋ ಹಾಗಿಲ್ಲ, ಎರಡೂವರೆ ಅನ್ನೋದೇ ಇಲ್ಲ. ಸರಾಸರಿ ತೆಗೀಬೇಡಿ. ಹುಳಿಗೆ ಉಪ್ಪು ಜಾಸ್ತಿ, ಪಾಯಸಕ್ಕೆ ಸಕ್ಕರೆನೇ ಇಲ್ಲ, ಎರಡೂ ಸೇರಿಸಿ ಅಡುಗೆ ಹದವಾಗಿದೆ ಅಂದ ಹಾಗಾಗುತ್ತೆ. ಬೋರ್ಡ್‌ನವರು ಒಂದೇ ನಂಬರ್ ಕೇಳ್ತಾರೆ, ಗ್ಯಾರಂಟಿ ಕೇಳ್ತಾರೆ, ಕೊಡಬೇಡಿ.

ಇನ್ನೊಂದು, ಎಲ್ಲದಕ್ಕೂ ಐದನೇ ಹಂತ ಗುರಿ ಇಟ್ಕೊಳ್ಳೋದು ದುಡ್ಡು ದಂಡ. ಸದಸ್ಯರ ಮಾಸ್ಟರ್‌ಗೆ ನಾಲ್ಕು ಬೇಕು ಯಾಕಂದ್ರೆ ಚುನಾವಣೆ, ಸಾಲ ಎರಡೂ ಅದರ ಮೇಲೇ ನಿಂತಿದೆ. ಹಳೇ ಸ್ಕ್ಯಾನ್ ಫೈಲುಗಳಿಗೆ ಎರಡು ಸಾಕು.

ಕೊನೇದಾಗಿ, ಡೇಟಾ ಓನರ್, ಅಂದ್ರೆ ಆ ಡೇಟಾ ಸರಿ ಇರೋದಕ್ಕೆ ಜವಾಬ್ದಾರರು, ಅಂತ ನಿಮ್ಮ ಹೆಸರು ಬರೀಬೇಡಿ ಪ್ಲೀಸ್. ಐಟಿಯವ್ರು ಓನರ್ ಆದ್ರೆ ತಪ್ಪು ಹೆಸರು ಎಂಟ್ರಿ ಆದಾಗ್ಲೂ ನಿಮಗೇ ಫೋನ್ ಬರುತ್ತೆ. ಷೇರು ವಿಭಾಗದ ಮ್ಯಾನೇಜರ್ ಓನರ್ ಆಗ್ಬೇಕು. ಅವ್ರು ಒಪ್ಪಲ್ಲ, ಗೊತ್ತು. ಒಪ್ಪಿಸೋಕೆ ನಮಗೆ ಏಳು ತಿಂಗಳು ಹಿಡೀತು, ಮಾಡೆಲ್ ಬರೆಯೋಕೆ ಹಿಡಿದಿದ್ದು ಎರಡೇ ವಾರ.

ಸುಮ್ನೆ_ಬಂದೆ:

ಇಷ್ಟೆಲ್ಲಾ ಯಾಕೆ ಗುರು, ಇದೇ ಟೈಮಲ್ಲಿ ಕೂತು ಡಬಲ್ ಎಂಟ್ರಿ ಕ್ಲೀನ್ ಮಾಡಿ ಮತದಾರರ ಪಟ್ಟಿ ಸರಿ ಮಾಡಿದ್ರೆ ಮುಗೀತಲ್ಲ. ಮೆಟ್ಟಿಲು ಹತ್ತೋದು ಇಳಿಯೋದು ಎಲ್ಲಾ ಕನ್ಸಲ್ಟೆಂಟ್‌ಗಳ ಹೊಟ್ಟೆಪಾಡು.

ಚುಕ್ಕಿ_ರಂಗೋಲಿ:

ನಾವೂ ಅದನ್ನೇ ಮಾಡಿದ್ವಿ, ಎರಡು ಸಲ. ಮೊದಲ ಸಲ ಕ್ಲೀನ್ ಮಾಡಿ ಆರು ತಿಂಗಳಿಗೆ ಹೆಚ್ಚುಕಮ್ಮಿ ಅಷ್ಟೇ ಡಬಲ್ ಮತ್ತೆ ಕೂತಿತ್ತು. ಕಾರಣ ಏನಂದ್ರೆ ರಿಸೆಪ್ಷನ್ ಸ್ಕ್ರೀನಲ್ಲಿ "ಹೊಸ ರೋಗಿ" ಬಟನ್ ಮೇಲೆ ದೊಡ್ಡದಾಗಿದೆ, "ಹುಡುಕಿ" ಅನ್ನೋದು ಕೆಳಗಡೆ ಮೂಲೆಲಿ. ಬೆಳಗ್ಗೆ ಒಂಬತ್ತು ಗಂಟೆಗೆ ಕ್ಯೂ ನಿಂತಿರುವಾಗ ಯಾರು ಹುಡುಕ್ತಾರೆ? ಸೋರೋ ನಲ್ಲಿ ಬಿಟ್ಟು ನೆಲ ಒರೆಸಿದ ಹಾಗೆ. ಬಟನ್ ಜಾಗ ಬದಲಾಯಿಸಿದ್ಮೇಲೇ ಕಮ್ಮಿ ಆಗಿದ್ದು. ಕನ್ಸಲ್ಟೆಂಟ್‌ಗಳ ಬಗ್ಗೆ ಹೇಳಿದ್ದಕ್ಕೆ ಮಾತ್ರ ನನ್ನ ತಕರಾರಿಲ್ಲ.

ಮಿರ್ಚಿ_ಗಿರ್ಮಿಟ್:

ನೋಡ್ರಿ, ನಾ ಒಂದ್ ಸ್ಮಾರ್ಟ್ ಸಿಟಿ ಆಫೀಸಿನ್ಯಾಗ ಕಾಂಟ್ರ್ಯಾಕ್ಟ್ ಮ್ಯಾಲ ಇದ್ದೆ, ಯಾವ ಊರು ಅಂತ ಕೇಳಬ್ಯಾಡ್ರಿ. ಸ್ಮಾರ್ಟ್ ಸಿಟಿ ಮಿಷನ್‌ದವ್ರು 2019ರಾಗ ಡೇಟಾಸ್ಮಾರ್ಟ್ ಸಿಟೀಸ್ ಅಂತ ತಂದಿದ್ರು, ಅದರ ಜೋಡಿ ನೂರು ಊರಿಗೂ ಡೇಟಾ ಮೆಚ್ಯೂರಿಟಿ ಅಸೆಸ್‌ಮೆಂಟ್ ಫ್ರೇಮ್‌ವರ್ಕ್. ನಮ್ಮ ಕರ್ನಾಟಕದ ಏಳೂ ಊರು ಅದರಾಗ ಇದ್ವು, ಬೆಂಗಳೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ದಾವಣಗೆರೆ, ತುಮಕೂರು, ಶಿವಮೊಗ್ಗ. ಪಾಲಿಸಿ, ಜನ, ಪ್ರೊಸೆಸ್, ಟೆಕ್ನಾಲಜಿ, ಕಡೀಕ ಔಟ್‌ಕಮ್ ಅಂತ ಐದು ಕಂಬ. ಊರಿಗೊಬ್ಬ ಸಿಟಿ ಡೇಟಾ ಆಫೀಸರ್ ಬೇಕು, ಸಿಟಿ ಡೇಟಾ ಪಾಲಿಸಿ ಬೇಕು ಅಂತ ಇತ್ತು.

ನನಗ ಆ ಫ್ರೇಮ್‌ವರ್ಕ್ ಖರೇನ ಚಲೋ ಅನಿಸ್ತು, ಯಾಕಂದ್ರ ಬಾಯಿಮಾತಿಗೆ ಅಂಕ ಇರಲಿಲ್ಲ, ದಾಖಲೆ ಅಪ್ಲೋಡ್ ಮಾಡಬೇಕಾಗಿತ್ತು. ಆದ್ರ ನಾವ್ ಏನ್ ಮಾಡಿದ್ವಿ? ಇನ್ನೊಂದ್ ಊರಿನ ಡೇಟಾ ಪಾಲಿಸಿ ತಂದು ಊರ ಹೆಸರು ಬದಲಿ ಮಾಡಿ ಹಾಕಿದ್ವಿ. ಒಂದ್ ಕಡೆ ಹಳೇ ಊರ ಹೆಸರು ಹಂಗ ಉಳದಿತ್ತು, ಯಾರೂ ನೋಡ್ಲಿಲ್ಲ. ಡೇಟಾ ಆಫೀಸರ್ ಅಂತ ಯಾರನ್ನ ಮಾಡಿದ್ರು ಅವ್ರಿಗೆ ಮದಲ ನಾಕು ಚಾರ್ಜ್ ಇದ್ವು, ಇದು ಐದನೇದು. ಅಂಕ ಬಂತು, ಕೆಲಸ ಬದಲಾಗ್ಲಿಲ್ಲ.

ಅದಕ್ಕ ಚುಕ್ಕಿ ಮೇಡಂ ಹೇಳಿದ್ದಕ್ಕ ನಂದೊಂದು ಸೇರಿಸ್ರಿ. ಕಾಗದ ಐತೇನು ಅಂತ ಅಷ್ಟ ಕೇಳಬ್ಯಾಡ್ರಿ, ಕಡೀ ಸಲ ಅದನ್ನ ಯಾವಾಗ ತಗದು ನೋಡಿದ್ರಿ ಅಂತ ಕೇಳ್ರಿ. ಸುತ್ತೋಲೆ ಐತಿ ಅಂದ್ರ, ಕೌಂಟರ್‌ನ್ಯಾಗ ಕುಂತ ಹುಡುಗಿ ಕಡೆ ಹೋಗಿ "ಈ ಸುತ್ತೋಲೆ ಎಲ್ಲೈತವಾ" ಅಂತ ಕೇಳ್ರಿ. ಆಕಿ ತಗದ ಕೊಟ್ಲು ಅಂದ್ರ ಮೂರು, ಇಲ್ಲಾಂದ್ರ ಒಂದು. ಮ್ಯಾನೇಜರ್ ಕ್ಯಾಬಿನ್‌ನ್ಯಾಗ ಚಾ ಕುಡದು ಅಂಕ ಕೊಟ್ಟು ಬರಬ್ಯಾಡ್ರಿ.

ದಿಲ್ಲಿಯೊಳಗೂ ಹಿಂಥಾದ್ದೊಂದು ಐತ್ರಿ, ನೀತಿ ಆಯೋಗದ ಮೌಲ್ಯಮಾಪನ ಕಚೇರಿ ಡಿಎಂಇಒ 2020ರಾಗ ಕೇಂದ್ರದ ಮಂತ್ರಾಲಯಗಳಿಗೆ ಡೇಟಾ ಗವರ್ನೆನ್ಸ್ ಕ್ವಾಲಿಟಿ ಇಂಡೆಕ್ಸ್ ಮಾಡ್ತು, ಐದಕ್ಕ ಇಷ್ಟು ಅಂತ ಅಂಕ. ಅಂಕ ಬಂದ ಇಲಾಖೆಯವ್ರು ಪತ್ರಿಕಾ ಪ್ರಕಟಣೆ ಕೊಟ್ಟಿದ್ದ ಕೊಟ್ಟಿದ್ದು. ಹೋಲಿಕೆ ಮಾಡಾಕ ಅದು ಬೇಕಾಗ್ತದ, ಇಲ್ಲಂತಲ್ಲ, ಆದ್ರ ರ್‍ಯಾಂಕ್ ಅಂತ ಬಂತಂದ್ರ ಎಲ್ಲಾರೂ ಪರೀಕ್ಷಾಕ್ಕ ಓದಿದಂಗ ಓದ್ತಾರ. ನಿಮ್ಮ 22 ಬ್ರಾಂಚಿನ ರ್‍ಯಾಂಕ್ ಪಟ್ಟಿ ಮಾತ್ರ ನೋಟಿಸ್ ಬೋರ್ಡಿಗೆ ಹಚ್ಚಬ್ಯಾಡ್ರಿ.

ಅಡಿಕೆ_ಐಟಿ:

ಎಲ್ರಿಗೂ ತುಂಬಾ ಥ್ಯಾಂಕ್ಸ್. ಮೂರು ವಾರ ಆಯ್ತು, ಏನಾಯ್ತು ಅಂತ ಹೇಳ್ತೀನಿ.

ಜಗಳದ ಪಟ್ಟಿ ಮಾಡಿದೆ, ಹನ್ನೊಂದು ಬಂತು, ಅದ್ರಿಂದ ಆರು ವಿಷಯ. ಹೆಡ್ ಆಫೀಸು ಮತ್ತೆ ಎರಡು ಬ್ರಾಂಚಲ್ಲಿ ಮಾತ್ರ ಟ್ರಯಲ್ ಮಾಡಿದೆ. ಮೊದಲು ಬೇಕಂತಲೇ ಮ್ಯಾನೇಜರ್‌ಗಳ ಹತ್ರ ನಿಮಗೆ ನೀವೇ ಅಂಕ ಕೊಡಿ ಅಂದೆ, ಹಳೇ ಆಡಿಟರ್ ಸಾರ್ ಹೇಳಿದ ಹಾಗೇ ಎಲ್ಲಾ ಮೂರು, ನಾಲ್ಕು. ಆಮೇಲೆ ಮಿರ್ಚಿ ಅಣ್ಣ ಹೇಳಿದ ಹಾಗೆ ಸೀದಾ ಕೌಂಟರಿಗೆ ಹೋದೆ. ಆರರಲ್ಲಿ ನಾಲ್ಕು ವಿಷಯ ಒಂದಕ್ಕೆ ಬಂತು, ಪರ್ಮಿಷನ್ ವಿಷಯ ಎರಡು, ಸಾಲದ ದಾಖಲೆ ಮಾತ್ರ ಮೂರು, ಅದೂ ಯಾಕೆ ಅಂದ್ರೆ ಆಡಿಟ್‌ನವರು ಪ್ರತಿ ವರ್ಷ ಬಂದು ಅದನ್ನೇ ಕೆದಕ್ತಾರೆ.

ಒಂದು ಕಡೆ ನಗುನೂ ಬಂತು ಹೊಟ್ಟೆನೂ ಉರೀತು. ಪಿಗ್ಮಿ ಖಾತೆಗಳ ಫೋನ್ ನಂಬರ್ ನೋಡ್ತಾ ಇದ್ದೆ, ಒಂದೇ ನಂಬರ್ 140 ಖಾತೆಗೆ ಇದೆ. ಪಿಗ್ಮಿ ಕಲೆಕ್ಟರ್ ತನ್ನ ನಂಬರೇ ಹಾಕಿದಾನೆ. ಯಾಕಪ್ಪಾ ಅಂದ್ರೆ "ಸಾರ್ ಸಿಸ್ಟಮಲ್ಲಿ ನಂಬರ್ ಹಾಕ್ದೆ ಸೇವ್ ಆಗಲ್ಲ, ಅಂಗಡಿ ಅಜ್ಜಿ ಹತ್ರ ಫೋನೇ ಇಲ್ಲ, ನಾನೇನು ಮಾಡ್ಲಿ" ಅಂದ. ಅವನು ಹೇಳಿದ್ದು ಸರಿನೇ ಅಲ್ವಾ? ಕಡ್ಡಾಯ ಫೀಲ್ಡ್ ಮಾಡಿಸಿದ್ದು ನಾನೇ, ಎರಡು ವರ್ಷದ ಹಿಂದೆ, ಡೇಟಾ ಕ್ವಾಲಿಟಿ ಸುಧಾರಿಸ್ಬೇಕು ಅಂತ. ರಿಪೋರ್ಟಲ್ಲಿ ಫೋನ್ ನಂಬರ್ ನೂರಕ್ಕೆ ನೂರು ತುಂಬಿದೆ ಅಂತ ಬೀಗಿದ್ದೆ ಬೇರೆ.

ಈಗ ಹೊಸ ತಲೆನೋವು. ಹಳೇ ಷೇರು ಲೆಡ್ಜರ್ ನುಡಿ ಫಾಂಟಲ್ಲಿ ಟೈಪ್ ಮಾಡಿದ ಫೈಲುಗಳು, ಯೂನಿಕೋಡ್ (ಎಲ್ಲಾ ಕಂಪ್ಯೂಟರಲ್ಲೂ ಓದೋಕಾಗೋ ಅಕ್ಷರ ಸಂಕೇತ) ಅಲ್ಲ. ಸಿಬಿಎಸ್‌ನಲ್ಲಿ, ಅಂದ್ರೆ ಕೋರ್ ಬ್ಯಾಂಕಿಂಗ್ ಸಾಫ್ಟ್‌ವೇರಲ್ಲಿ, ಇಂಗ್ಲಿಷ್ ಹೆಸರು. ಎರಡನ್ನೂ ಹೋಲಿಸೋದು ಹೇಗೆ? ಒಬ್ರೇ ಮಂಜುನಾಥರಿಗೆ ಮೂರು ಸದಸ್ಯತ್ವ ಸಂಖ್ಯೆ ಇದೆ, ಇಂಗ್ಲಿಷಲ್ಲಿ ಒಂದ್ಕಡೆ ಕೊನೇಗೆ ಎ ಇದೆ, ಒಂದ್ಕಡೆ ಇಲ್ಲ, ಇನ್ನೊಂದ್ಕಡೆ ಇನಿಶಿಯಲ್ ಹಿಂದೆ ಹೋಗಿದೆ.

ನೀರ್_ದೋಸೆ:

ಇದು ನಮ್ಮಲ್ಲಿಯೂ ಆದದ್ದೇ ಮಾರಾಯ್ರೆ. ಹಳೇ ನುಡಿ ಫೈಲಿನಲ್ಲಿ ಇರುವುದು ಅಕ್ಷರ ಅಲ್ಲ, ಅಕ್ಷರದ ತುಂಡುಗಳ ಚಿತ್ರ, ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕೂರಿಸಿದ್ದು. ಫಾಂಟ್ ಇಲ್ಲದ ಕಂಪ್ಯೂಟರಲ್ಲಿ ತೆರೆದರೆ ಮಂತ್ರ ಬರೆದ ಹಾಗೆ ಕಾಣುವುದು ಅದಕ್ಕೇ. ಕನ್ವರ್ಟರ್ ಸಿಗ್ತದೆ, ಹಾಕಿ, ಆದರೆ ಅರ್ಕಾವತ್ತು ಮತ್ತೆ ಒತ್ತಕ್ಷರ ಇರುವ ಹೆಸರುಗಳನ್ನು ಪ್ರತ್ಯೇಕ ತೆಗೆದು ಒಬ್ಬರು ಕಣ್ಣಲ್ಲಿ ನೋಡ್ಬೇಕು, ಸೂರ್ಯ, ಧರ್ಮಪ್ಪ, ಕೃಷ್ಣ ಇಂಥದ್ದು. ಯೂನಿಕೋಡ್ ಆದ ಮೇಲೂ ಮೋಸ ಉಂಟು, ಕಣ್ಣಿಗೆ ಒಂದೇ ಥರ ಕಾಣುವ ಎರಡು ಹೆಸರಿನ ಒಳಗೆ ಕಾಣದ ಜೋಡಣೆ ಚಿಹ್ನೆ ಕೂತಿರ್ತದೆ, ಕಂಪ್ಯೂಟರ್ ಎರಡೂ ಬೇರೆ ಅಂತದೆ. ಅದನ್ನೆಲ್ಲ ತೆಗೆದು ನಾರ್ಮಲೈಸ್ ಮಾಡಿಯೇ, ಅಂದರೆ ಒಂದೇ ರೂಪಕ್ಕೆ ತಂದೇ ಹೋಲಿಸಿ.

ಮತ್ತೆ ಹೆಸರೊಂದನ್ನೇ ನಂಬಬೇಡಿ. ಹಳೇ ಲೆಡ್ಜರಲ್ಲಿ ಪಹಣಿ ಥರ "ಬಿನ್", "ಕೋಂ" ಇರ್ತದಲ್ಲ, ರಾಮಪ್ಪ ಬಿನ್ ತಿಮ್ಮಪ್ಪ, ಲಕ್ಷ್ಮಮ್ಮ ಕೋಂ ರಾಮಪ್ಪ ಅಂತ, ಅದು ಚಿನ್ನ. ಬಿನ್ ಮುಂದೆ ಇರುವುದು ಅಪ್ಪ, ಕೋಂ ಮುಂದೆ ಇರುವುದು ಗಂಡ, ಎರಡನ್ನೂ ಬೇರೆ ಬೇರೆ ಕಾಲಂಗೆ ಒಡೆಯಿರಿ. ನಮ್ಮ ವೆಂಡರಿನ ಹುಡುಗ ಬಿನ್ ಅನ್ನುವುದು ಸರ್‌ನೇಮ್ ಅಂತ ಹಾಕಿಟ್ಟಿದ್ದ, ಅರ್ಧ ಊರಿಗೆ ಒಂದೇ ಸರ್‌ನೇಮ್! ಹುಟ್ಟಿದ ದಿನಾಂಕ ಹೊಂದಿತು ಅಂತಲೂ ಖುಷಿ ಪಡಬೇಡಿ, ಹಿರಿಯರಲ್ಲಿ ಎಷ್ಟೋ ಜನರಿಗೆ ಜೂನ್ 1 ಇರ್ತದೆ, ಶಾಲೆಗೆ ಸೇರಿಸುವಾಗ ಹೆಡ್ಮಾಷ್ಟ್ರು ಬರೆದದ್ದು.

ಕಾಯ್ದೆ_ಕಟ್ಟೆ:

ಒಂದೇ ಒಂದು ಸೇರಿಸ್ತೀನಿ. ಆರು ವಿಷಯದಲ್ಲಿ ವೈಯಕ್ತಿಕ ಮಾಹಿತಿ ರಕ್ಷಣೆ ಕಾಣ್ಲಿಲ್ಲ. ಅದಕ್ಕೇ ಇರೋ ಡಿಪಿಡಿಪಿ (ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣೆ) ಕಾಯ್ದೆ 2023ರದ್ದು, ನಿಯಮಗಳು 2025ರ ನವೆಂಬರ್‌ನಲ್ಲಿ ಬಂದ್ವು, ಮುಖ್ಯ ಜವಾಬ್ದಾರಿಗಳಿಗೆ 18 ತಿಂಗಳ ಟೈಮ್ ಕೊಟ್ಟಿದಾರೆ. ಭದ್ರತೆ ಸರಿಯಾಗಿ ಇಡದೆ ಮಾಹಿತಿ ಸೋರಿದ್ರೆ ದಂಡ 250 ಕೋಟಿ ತನಕ ಹೋಗ್ಬಹುದು, ಸೋರಿದ ವಿವರ 72 ಗಂಟೆ ಒಳಗೆ ಸರ್ಕಾರದ ಡೇಟಾ ಸಂರಕ್ಷಣಾ ಮಂಡಳಿಗೆ ಕೊಡ್ಬೇಕು. ಈಗ ಯೋಚನೆ ಮಾಡಿ, ಆ ಮಹಾಸಭೆ ಎಕ್ಸೆಲ್ ಎಷ್ಟು ಜನರ ವಾಟ್ಸಾಪಲ್ಲಿದೆ? ಸದಸ್ಯರ ಮಾಹಿತಿ ಎಲ್ಲೆಲ್ಲಿ ಇದೆ ಅನ್ನೋದರ ಪಟ್ಟಿಯನ್ನ ಏಳನೇ ವಿಷಯ ಮಾಡಿ. ಆ 140 ಖಾತೆ ವಿಷಯನೂ ಇದಕ್ಕೇ ಬರುತ್ತೆ, ಬೇರೆಯವರ ಖಾತೆ ಮೆಸೇಜೆಲ್ಲಾ ಕಲೆಕ್ಟರ್ ಫೋನಿಗೆ ಹೋಗ್ತಿದೆ ಅಂತಾಯ್ತಲ್ಲ.

ಅಡಿಕೆ_ಐಟಿ:

ಅಯ್ಯೋ, ಅದು ಹೊಳೆದೇ ಇರ್ಲಿಲ್ಲ ಸಾರ್. ಏಳನೇದು ಸೇರಿಸಿದೆ, ಅಂಕ ಒಂದು, ಅದಕ್ಕಿಂತ ಕಮ್ಮಿ ಇದ್ದಿದ್ರೆ ಅದನ್ನೇ ಕೊಡ್ತಿದ್ದೆ.

ನಿನ್ನೆ ಬೋರ್ಡ್ ಮೀಟಿಂಗ್ ಆಯ್ತು. ಒಂದೇ ಹಾಳೆ ಕೊಟ್ಟೆ, ಏಳು ಸಾಲು, ಈಗ ಎಲ್ಲಿದೀವಿ, ಮುಂದಿನ ಮಾರ್ಚಿಗೆ ಎಲ್ಲಿರ್ಬೇಕು, ಯಾರು ಜವಾಬ್ದಾರಿ. ನಿರೀಕ್ಷೆ ಮಾಡಿದ ಹಾಗೇ ಒಬ್ರು ನಿರ್ದೇಶಕರು "ಒಟ್ಟು ಎಷ್ಟು ಹೇಳಿಬಿಡಿ" ಅಂದ್ರು. ಚುಕ್ಕಿ ಮೇಡಂ ಅವರ ಪಾಯಸದ ಮಾತು ಹೇಳಿದೆ, ನಕ್ಕು ಸುಮ್ನಾದ್ರು. ಅಧ್ಯಕ್ಷರು ಬೇರೆ ಏನೂ ಕೇಳ್ಲಿಲ್ಲ, ಮತದಾರರ ಪಟ್ಟಿ ಯಾವ ಸಾಲಿಗೆ ಬರುತ್ತೆ ಅಂತ ಕೇಳಿದ್ರು, ಮೊದಲನೇದು ಎರಡನೇದು ಎರಡೂ ಅಂದೆ, ಹಾಗಾದ್ರೆ ಈ ವರ್ಷ ಆ ಎರಡೇ ಮಾಡಿ ಅಂದ್ರು.

ಷೇರು ವಿಭಾಗದ ಮೇಡಂ ಇನ್ನೂ ಓನರ್ ಅಂತ ಸಹಿ ಹಾಕಿಲ್ಲ, ಬೈಲಾದಲ್ಲಿ ಎಲ್ಲಿದೆ ತೋರ್ಸು ಅಂತಿದಾರೆ. ಪಿಗ್ಮಿ ಸ್ಕ್ರೀನಲ್ಲಿ "ಫೋನ್ ಇಲ್ಲ" ಅಂತ ಒಂದು ಆಯ್ಕೆ ಹಾಕ್ಸಿದೀನಿ, ವೆಂಡರ್ ಅದಕ್ಕೂ ಬಿಲ್ ಕಳ್ಸಿದಾನೆ.